ನಾರು, ಮಲ್ಲಿಗೆ ಮತ್ತು ನಾರ್ಮಲ್

ಸೊರಬದ ಕಲ್ಯಾಣ ಮಂಟಪದ ಒಳಕೋಣೆಯಲ್ಲಿ ಮದುಮಗಳಿಗೆ ಮೊಗ್ಗಿನ ಜಡೆ ಕಟ್ಟಲು ಬಂದಿದ್ದ ಸೌಂದರ್ಯ ಕೆಲಸ ಮುಗಿಸಿ ಮೇಲೆದ್ದಾಗ, ಮಣೆಯ ಸುತ್ತ ಒಂದು ಹಿಡಿ ಕೂದಲು ಬಿದ್ದಿತ್ತು. ಹುಡುಗಿಗೆ ಹಾಲು ತಂದಿದ್ದ ವರನ ಸೋದರತ್ತೆ ಲೋಟವನ್ನು ಕೆಳಗಿಟ್ಟು, ಆ ಕೂದಲನ್ನು ಬೆರಳಿಗೆ ಸುತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಹುಡುಗಿಗೆ ಏನೋ ಕಾಯಿಲೆಯಿದೆ, ಮುಚ್ಚಿಟ್ಟು ಕೊಡುತ್ತಿದ್ದಾರೆ ಎಂಬ ಸುದ್ದಿ ಗಂಡಿನ ಕಡೆಯ ಕೋಣೆಗೆ ಹಾಲು ಆರುವ ಮೊದಲೇ ಮುಟ್ಟಿತು. ಜಡೆ ಬಿಚ್ಚಿ ತೋರಿಸಲಿ ಎಂದರು. ಮುಹೂರ್ತಕ್ಕೆ ಮುಂಚೆ ಜಡೆ ಬಿಚ್ಚುವುದುಂಟೇ ಎಂದು ಹುಡುಗಿಯ ತಾಯಿ ಅಳತೊಡಗಿದರು. ಆಗ ಸೌಂದರ್ಯ ತಲೆಯ ಮೇಲಿನ ಸೆರಗು ಸರಿಸಿ, ಅಷ್ಟು ಹೆಂಗಸರ ಮುಂದೆ ತಲೆ ಬಗ್ಗಿಸಿದಳು.

"ಆ ಕೂದ್ಲು ನಂದ್ರೀ. ನೋಡ್ಕಳ್ರಿ."

ನೋಡಿದರು. ಬೈತಲೆ ಬಯಲಾಗಿತ್ತು.

ಮದುವೆಯೇನೋ ನಡೆಯಿತು. ನಿಂತುಹೋದದ್ದು ಸೌಂದರ್ಯಳ ಕಸುಬು.

ಅವಳು ಹುಟ್ಟಿದ್ದು ಸೊರಬ ತಾಲ್ಲೂಕಿನ ಜಡೆ ಎಂಬ ಊರಿನಲ್ಲಿ, ಸೇರಿದ್ದು ಶಿಕಾರಿಪುರದ ಮನೆಗೆ. ಬಾಳೆಪಟ್ಟೆಯ ಮೇಲೆ ಒಂದೊಂದೇ ಮೊಗ್ಗು ಪೋಣಿಸಿ, ಒದ್ದೆ ಬಟ್ಟೆ ಸುತ್ತಿಕೊಂಡು ಮದುವೆಮನೆಗೆ ಒಯ್ದರೆ, ತಾಳಿ ಕಟ್ಟುವ ಹೊತ್ತಿಗೆ ಮೊಗ್ಗು ಅರಳಬೇಕು. ಮೊದಲೂ ಅಲ್ಲ, ಆಮೇಲೂ ಅಲ್ಲ. ಆ ಲೆಕ್ಕ ಅವಳಿಗೆ ತಪ್ಪುತ್ತಿರಲಿಲ್ಲ. ಜಡೆಯವಳು ಜಡೆ ಹಾಕುತ್ತಾಳೆ ಎಂದು ಎರಡೂ ತಾಲ್ಲೂಕಿನವರು ನಗುತ್ತಿದ್ದರು. ಕೆಲವು ವರ್ಷಗಳಿಂದ ಜಡೆಯವಳು ಜಡವಾಗತೊಡಗಿದ್ದಳು. ಸ್ವರ ಒಡೆಯಿತು, ಬೆಳಿಗ್ಗೆ ಮುಖ ಊದಿಕೊಳ್ಳುತ್ತಿತ್ತು, ಏಪ್ರಿಲ್‌ನಲ್ಲೂ ಸ್ವೆಟರ್ ಬಿಡುವಂತಿರಲಿಲ್ಲ. ಸೂಜಿ ಒಂದು ಕೈಯಲ್ಲಿ, ಮೊಗ್ಗು ಇನ್ನೊಂದರಲ್ಲಿ ಹಿಡಿದು, ಮುಂದೇನು ಎಂಬುದು ಮರೆತು ಕೂತುಬಿಡುತ್ತಿದ್ದಳು.

ಇದು ಥೈರಾಯ್ಡೇ ಎಂದು ಓಣಿಯವರೆಲ್ಲ ತೀರ್ಮಾನಿಸಿದರು. ಗಂಡ ಸಿದ್ಧಲಿಂಗೇಶ್ ಪಂಪ್‌ಸೆಟ್ ಅಂಗಡಿಗೆ ಬೀಗ ಹಾಕಿ ರಕ್ತಪರೀಕ್ಷೆಗೆ ಕರೆದೊಯ್ದ. ಎಲ್ಲ ನಾರ್ಮಲ್ ಎಂದು ಬಂತು. ಅತ್ತೆ ದ್ಯಾಮಮ್ಮ ಸಂತೋಷ ತಡೆಯಲಾರದೆ ಮನೆಮನೆಗೂ ಸಕ್ಕರೆ ಹಂಚಿದರು. ಎಡವಟ್ಟಾದದ್ದೇ ಅಲ್ಲಿ. ಸಕ್ಕರೆ ತಿಂದವರೆಲ್ಲ ಸೌಂದರ್ಯಳಿಗೆ ಏನೂ ಆಗಿಲ್ಲ ಎಂಬುದಕ್ಕೆ ಸಾಕ್ಷಿಗಳಾದರು. ನಾರು, ಮಲ್ಲಿಗೆ ಕೂಡಿಸಿ ಬದುಕುತ್ತಿದ್ದವಳಿಗೆ ನಾರ್ಮಲ್ಲೇ ಮುಳುವಾಯಿತು. ಮಧ್ಯಾಹ್ನ ತುಸು ಅಡ್ಡಾದರೆ ದ್ಯಾಮಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು.

"ರಿಪೋಟಿನಾಗೆ ಏನೂ ಇಲ್ಲ ಅಂದ್ಮ್ಯಾಲೆ ನಿನ್ನಾಗೆ ಏನೈತಮ್ಮ?"

ಎದುರುಮನೆಯ ಲೋಕಮ್ಮನಿಗೆ ನಿಜವಾದ ಥೈರಾಯ್ಡ್ ಇತ್ತು. ಬೆಳಿಗ್ಗೆ ಗುಳಿಗೆ ನುಂಗಿ ಅವರು ಜಗುಲಿಯಲ್ಲಿ ಕೂತರೆ ಕಾಫಿ ಹೊತ್ತಾಗುವವರೆಗೂ ಯಾರೂ ಕೆಲಸ ಹೇಳುತ್ತಿರಲಿಲ್ಲ. ಸೌಂದರ್ಯ ಹೊಟ್ಟೆಕಿಚ್ಚು ಪಟ್ಟಿದ್ದು ಬದುಕಿನಲ್ಲಿ ಆ ಒಂದು ಗುಳಿಗೆಯ ಮೇಲೆ. ಲೋಕಮ್ಮನೂ ಧಾರಾಳಿ, ಹೆಪ್ಪಿಗೆ ಮೊಸರು ಕೊಟ್ಟಂತೆ ತಮ್ಮದರಲ್ಲೇ ಕೆಲವನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು. ನುಂಗಿದ ಮೇಲೆ ಎದೆ ಹೊಡೆದುಕೊಂಡ ರಭಸಕ್ಕೆ ಸೌಂದರ್ಯ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಇಲ್ಲದ ರೋಗಕ್ಕೆ ಔಷಧಿ ನುಂಗಿದವಳು ಎಂಬ ಹೆಸರೂ ಬಂತು. ಗ್ರಂಥಿಯ ಕಥೆ ಗ್ರಂಥವಾಗುತ್ತಾ ಹೋಯಿತು.

ಸೊರಬದ ಮದುವೆಯ ನಂತರ, ಅಂಟುಕಾಯಿಲೆಯಿರಬಹುದೆಂದು ಹೆದರಿ ಒಬ್ಬೊಬ್ಬರೇ ಫೋನು ಮಾಡಿ, ಪ್ಲಾಸ್ಟಿಕ್ ಮೊಗ್ಗಿನ ಬಾಡಿಗೆ ಜಡೆ ತರಿಸುತ್ತೇವೆ, ಬೇಜಾರು ಮಾಡ್ಕೋಬೇಡ ಎಂದರು. ಉಳಿದದ್ದು ಕುಬಟೂರಿನ ಪರಮಶಿವಪ್ಪನವರ ಮೊಮ್ಮಗಳ ಮದುವೆಯೊಂದೇ. ಅವರು ಬಿಡಿಸಿ ಹೇಳಿದ್ದರು: ಇದು ಇಂಥ ಕಾಯಿಲೆ, ಅಂಟುವಂಥದ್ದಲ್ಲ ಎಂದು ಡಾಕ್ಟರು ಹೆಸರಿಟ್ಟು ಹೇಳಲಿ, ಹೆಂಗಸರನ್ನು ನಾನು ಒಪ್ಪಿಸುತ್ತೇನೆ. ಸೌಂದರ್ಯಳಿಗೆ ಈಗ ಬೇಕಾದದ್ದು ಔಷಧಿಯಲ್ಲ, ಒಂದು ಹೆಸರು.

ಶಿಕಾರಿಪುರಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನ ಬಳಿ ಗಂಡ ಹೆಂಡತಿ ಹೋದರು. ಆಕೆ ಒಳ್ಳೆಯವರು. ಹಳೆಯ ರಿಪೋರ್ಟುಗಳನ್ನೆಲ್ಲ ಓದಿದರು, ಕತ್ತು ಮುಟ್ಟಿ ನೋಡಿದರು, ಸೌಂದರ್ಯ ತಡವರಿಸಿದಾಗ ಕಾದರು. ನೀವು ಸುಳ್ಳು ಹೇಳುತ್ತಿಲ್ಲ ಎಂದು ಮೊದಲ ಬಾರಿಗೆ ಒಬ್ಬರು ಹೇಳಿದರು. ಅದನ್ನು ಕೇಳಿ ಸಿದ್ಧಲಿಂಗೇಶ್ ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಆದರೆ ಗ್ರಂಥಿ ಸರಿಯಿದೆ, ರಕ್ತ ಸರಿಯಿದೆ, ಹುಡುಕಬೇಕಾದ್ದನ್ನೆಲ್ಲ ಆಗಲೇ ಹುಡುಕಿಯಾಗಿದೆ; ಇದಕ್ಕೆ ಇಡುವ ಹೆಸರು ತನ್ನಲ್ಲಿಲ್ಲ, ಸುಮ್ಮನೆ ಗುಳಿಗೆ ಕೊಟ್ಟರೆ ಎದೆಗೆ ಕೆಡುಕು ಎಂದು ಆಕೆ ಮುಂದುವರಿಸಿದರು. ಕುಬಟೂರಿನವರಿಗೆ ಏನು ಹೇಳುವುದೆಂದು ಅವನು ಕೇಳಿದ. ಡಾಕ್ಟರಮ್ಮ ಪೆನ್ನನ್ನು ಕೆಳಗಿಟ್ಟು, ಮೇಜಿನ ಮೇಲಿದ್ದ ಸೌಂದರ್ಯಳ ಕೈಯ ಮೇಲೆ ಕೈಯಿಟ್ಟರು.

"ನೀವೇ ಹೇಳಿ, ನನ್ನ ಕೈಲಿ ನಿಮಗೆ ಏನಾಗ್ಬೇಕು?"

ಗಂಡ ಅವಳ ಮುಖವನ್ನೇ ನೋಡಿದ. ಸೌಂದರ್ಯ ತಲೆಯೆತ್ತಿ ಮೇಲೆ ನೋಡಿ, ಸ್ವೆಟರ್ ಎಳೆದುಕೊಂಡಳು.

"ಈ ಫ್ಯಾನೊಂದು ಆರಿಸ್ರಿ ಮೇಡಂ, ಸಾಕು."