ಉಬ್ಬದ ಕೈ

ತದಡಿ ಹತ್ತಿರದ ಸೀಗಡಿ ಹೊಂಡಗಳಲ್ಲಿ ಏಡಿ, ಹುಳ ಸಾಯಿಸುವ ಔಷಧಿ ಕಲಸುವ ಕೆಲಸಕ್ಕಿದ್ದೆ. ಕೋಲಿನಿಂದ ಕಲಸುವುದು ಹೆದರುಪುಕ್ಕಲರ ಕೆಲಸವೆಂದು ನಾನು ಡ್ರಮ್ಮಿಗೆ ಮೊಣಕೈವರೆಗೆ ಕೈಯನ್ನೇ ಇಳಿಸುತ್ತಿದ್ದೆ. ಆಮೇಲೆ ನನಗೂ ಜೊತೆಗಾರ ತಿಮ್ಮಪ್ಪನಿಗೂ ಮೇಲಿಂದ ಮೇಲೆ ಜ್ವರ, ಒಣಗದ ಹುಣ್ಣು. ಕುಮಟೆಯ ಡಾಕ್ಟರು ಪರೀಕ್ಷೆಗೆಂದು ಇಬ್ಬರ ಮುಂಗೈಗೂ ಸಣ್ಣ ಸೂಜಿಮದ್ದು ಚುಚ್ಚಿ, "ಎರಡು ದಿನ ಬಿಟ್ಟು ಬನ್ನಿ" ಎಂದರು.

ಬಸ್ಸಿನಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. "ಚುಚ್ಚಿದಲ್ಲಿ ಉಬ್ಬಿದರೆ ಕತೆ ಮುಗೀತು ಮಾರಾಯ" ಎಂದೆ, ಡಾಕ್ಟರೇ ನನ್ನ ಕಿವಿಯಲ್ಲಿ ಹೇಳಿದ್ದಾರೇನೋ ಎಂಬಂತೆ.

ಮರುದಿನ ತಿಮ್ಮಪ್ಪನ ಕೈ ಉಬ್ಬಿತು. ಅವನು ಊಟ ಬಿಟ್ಟು ಇಡಗುಂಜಿ ಗಣಪತಿಗೆ ಹರಕೆ ಹೊತ್ತ. ನನ್ನ ನುಣ್ಣನೆ ಕೈಯನ್ನು ಅವನ ಮೂಗಿನ ಮುಂದೆ ಆಡಿಸಿದೆ.

ಎರಡು ದಿನ ಬಿಟ್ಟು ಹೋದಾಗ ಡಾಕ್ಟರು ಅವನ ಉಬ್ಬನ್ನು ಅಳೆದು, "ಒಳ್ಳೇದಾತು, ಉಬ್ಬಿದೆ ಅಂದ್ರೆ ರೋಗ ತಡೆಯೋ ಮೈಯೊಳಗಿನ ಕಾವಲು ಎಚ್ಚರವಾಗಿದೆ" ಎಂದರು. ನನ್ನ ಕೈಯನ್ನು ಬೆಳಕಿಗೆ ಹಿಡಿದು ಎರಡು ಸಲ ಸವರಿದರು.

"ನಿನ್ನದೂ ಉಬ್ಬಬೇಕಿತ್ತಲ್ಲ. ಆ ಔಷಧಿ ಚರ್ಮದಿಂದ ಇಳಿದು ಕಾವಲನ್ನೇ ಮಲಗಿಸಿರಬಹುದು. ಇಷ್ಟರಿಂದಲೇ ಹೇಳೋಕಾಗೋದಿಲ್ಲ, ರಕ್ತದ ಬಿಳಿ ಕಣ ಎಣಿಸಬೇಕು."

"ಎಂತಾ, ಯಾರ ಕತೆ ಮುಗೀತು ಅಂದಿದ್ದೆ?" ಎಂದು ತಿಮ್ಮಪ್ಪ ಮೆಲ್ಲಗೆ ಕೇಳಿದ. ಅವನು ನಗಲಿಲ್ಲ, ಅದೇ ಇನ್ನಷ್ಟು ಹೆದರಿಸಿತು. ರಕ್ತದ ಚೀಟಿ ಬರುವವರೆಗೆ ಆ ಕೈಯನ್ನು ಅನ್ನದ ತಟ್ಟೆಗಿಡಲೂ ಅಂಜಿದೆ.

ಬಿಳಿ ಕಣ ಕಡಿಮೆಯೇ ಇತ್ತು. ಡ್ರಮ್ಮು ಬಿಟ್ಟೆ; ಸುಧಾರಿಸಲು ವರ್ಷ ಹಿಡಿಯಿತು. ಈಗಲೂ ಸೊಳ್ಳೆ ಕಚ್ಚಿ ದದ್ದು ಎದ್ದರೆ ಮನೆಯವರನ್ನೆಲ್ಲ ಕರೆದು ತೋರಿಸುತ್ತೇನೆ. ಏಳದಿದ್ದರೆ ಇನ್ನೊಂದು ಸೊಳ್ಳೆಗೆ ಕೈ ಚಾಚಿ ಕೂರುತ್ತೇನೆ.