ನಿನ್ನೆಯ ಬ್ರೆಡ್ಡು

ನಮ್ಮ ಕಡೆ ಯಾರಿಗೆ ಏನೇ ಕಾಯಿಲೆಯಾಗಲಿ, ನೋಡಲು ಹೋಗುವವರು ದಾರಿಯ ಬೇಕರಿಯಲ್ಲಿ ಒಂದು ಬ್ರೆಡ್ಡು ಕಟ್ಟಿಸಿಕೊಂಡೇ ಹೋಗಬೇಕು. ಜ್ವರಕ್ಕೂ ಬ್ರೆಡ್ಡು, ಕಣ್ಣಿನ ಪೊರೆಗೂ ಬ್ರೆಡ್ಡು. ನಮ್ಮ ಅತ್ತೆಗೆ ಮಂಡಿ ಆಪರೇಷನ್ ಆದಾಗ, ಆ ಬ್ರೆಡ್ಡು ಮಂಡಿಗೇನು ಮಾಡೀತು ಎಂದು ಒಬ್ಬರೂ ಯೋಚಿಸಲಿಲ್ಲ. ಉತ್ತರಹಳ್ಳಿಯ ಹಳೇ ಊರಿನಲ್ಲಿ ಅರ್ಧಕ್ಕರ್ಧ ಜನ ನಮಗೆ ನೆಂಟರು. ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ನಾಲ್ಕನೇ ದಿನಕ್ಕೆ ಫ್ರಿಜ್ಜಿನಲ್ಲಿ ಹಾಲಿಡಲು ಜಾಗವಿರಲಿಲ್ಲ. ಒಂಬತ್ತು ಪ್ಯಾಕೆಟ್ಟು! ಬಾಗಿಲು ತೆಗೆದರೆ ಒಂದಾದರೂ ಉರುಳಿ ಕಾಲ ಮೇಲೆ ಬೀಳುತ್ತಿತ್ತು.

ಅತ್ತೆ ಬ್ರೆಡ್ಡು ಮುಟ್ಟುವವರಲ್ಲ. "ಹತ್ತಿ ತಿಂದಂಗಾಗುತ್ತೆ" ಎನ್ನುತ್ತಾರೆ. ಹಾಗಂತ ಬಿಸಾಡುವಂತಿಲ್ಲ, ಇನ್ನೊಬ್ಬರಿಗೆ ದಾಟಿಸುವಂತೆಯೂ ಇಲ್ಲ. ಕಾಯಿಲೆಯವರಿಗೆಂದು ಬಂದದ್ದು ಆ ಮನೆಯಲ್ಲೇ ಕರಗಬೇಕು ಎನ್ನುವುದು ಅವರ ಕಾನೂನು. ಹಿಂದೆ ಹಸುಗಳಿದ್ದಾಗ ಮಿಕ್ಕಿದ್ದೆಲ್ಲ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತಂತೆ. ಈಗ ಕೊಟ್ಟಿಗೆ ಇದ್ದ ಜಾಗದಲ್ಲಿ ಮೂರು ಬಾಡಿಗೆ ಮನೆಗಳಿವೆ. ಬಾಡಿಗೆಯವರ ಮುಂದೆ ಒಣಗಿದ ಬ್ರೆಡ್ಡು ಹಾಕಲಾದೀತೇ?

ಆದರೆ ನನ್ನ ನಿಜವಾದ ಚಿಂತೆ ಬ್ರೆಡ್ಡಿನದಲ್ಲ. ಅತ್ತೆ ನಡೆಯುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲವಾದರೂ ವಾಕರ್ ಹಿಡಿದು ಓಡಾಡದಿದ್ದರೆ ಮಂಡಿ ಬಿಗಿದುಕೊಳ್ಳುತ್ತದೆ, ಆಮೇಲೆ ಆಪರೇಷನ್ ಮಾಡಿಸಿಯೂ ಉಪಯೋಗವಿಲ್ಲ ಎಂದು ಡಾಕ್ಟರ್ ಖಂಡಿತವಾಗಿ ಹೇಳಿದ್ದರು. ಇವರೋ ಬಚ್ಚಲಿಗೆ ಮಗನ ಹೆಗಲಿಗೆ ಜೋತುಬಿದ್ದು ಹೋಗಿಬರುವುದು ಬಿಟ್ಟರೆ ಮಂಚ ಇಳಿಯುತ್ತಿರಲಿಲ್ಲ. ನಾನು ವಾಕರ್ ತಂದು ಮುಂದಿಟ್ಟರೆ "ನಾಳೆ ನೋಡಣ ಬಿಡು" ಎಂದು ಗೋಡೆ ಕಡೆ ತಿರುಗುತ್ತಿದ್ದರು. ಮನೆಯನ್ನೆಲ್ಲ ತಮ್ಮ ದನಿಯಿಂದಲೇ ನಡೆಸುತ್ತಿದ್ದ ಹೆಂಗಸು ಹಾಗೆ ಸುಮ್ಮನಾದದ್ದು ಕಂಡು ನನಗೆ ಭಯವಾಗುತ್ತಿತ್ತು. ಸಿಟ್ಟೂ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಐದನೇ ದಿನ ಬೆಳಿಗ್ಗೆ ಅಡುಗೆಮನೆ ಪೂರ್ತಿ ನನ್ನದಾಗಿತ್ತು. ಮದುವೆಯಾಗಿ ವಿಲ್ಸನ್ ಗಾರ್ಡನ್ನಿನಿಂದ ಬಂದು ಹನ್ನೊಂದು ವರ್ಷವಾದರೂ ತರಕಾರಿ ಹೆಚ್ಚುವುದು ಮಾತ್ರ ನನ್ನ ಕೆಲಸ, ಒಗ್ಗರಣೆ ಅತ್ತೆಯದೇ ಖಾತೆ. ಒಣಗಿದ ಬ್ರೆಡ್ಡನ್ನು ಆವಿಯಲ್ಲಿಟ್ಟರೆ ಹೊಸದರಂತಾಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ವಿಡಿಯೊದವರು ಒಂದು ನಿಮಿಷ ಅಂದಿದ್ದರು. ಆದರೆ ಇಡ್ಲಿ ಪಾತ್ರೆ ಒಲೆಗೇರಿದ ಮೇಲೆ ಹತ್ತು ನಿಮಿಷ ಎನ್ನುವುದು ನಮ್ಮ ಕೈಗೆ ಅಂಟಿದ ಲೆಕ್ಕ. ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಒಳಗೆ ಬ್ರೆಡ್ಡಿಲ್ಲ, ಬೆಳ್ಳಗೆ ಒಂದು ಮುದ್ದೆ ಕೂತಿದೆ. ಅಯ್ಯೋ ಎಂದುಬಿಟ್ಟೆ.

"ಏನೇ ಅದು?" ಒಳಗಿನಿಂದ ಅತ್ತೆ ಕೇಳಿದರು.

"ಬ್ರೆಡ್ಡು ಕೆಟ್ಟೋಯ್ತು ಅತ್ತೆ. ಬಿಸಾಕ್ತೀನಿ. ಉಳಿದಿರೋದನ್ನೂ ಬಿಸಾಕ್ತೀನಿ, ಸಾಕಾಗೋಯ್ತು ನಂಗೆ."

"ಬಿಸಾಕ್ದೆ ಅಂದ್ರೆ ನೋಡು!"

ಆಮೇಲೆ ಠಕ್ ಎಂದಿತು. ಮತ್ತೆ ಠಕ್. ನಾನು ಮುದ್ದೆ ಕೈಯಲ್ಲಿ ಹಿಡಿದೇ ನಿಂತುಬಿಟ್ಟೆ. ಬಾಗಿಲಲ್ಲಿ ಮೊದಲು ವಾಕರ್ ಕಾಣಿಸಿತು, ಹಿಂದೆ ಬೆವರಿದ ಅತ್ತೆಯ ಮುಖ. ನಡೆದುಬಿಟ್ಟಿರಿ ಎಂದು ಕೂಗಬೇಕೆನಿಸಿತು. ಕೂಗಿದರೆ ಮಂಡಿ ನೆನಪಾಗಿ ಕೂತುಬಿಟ್ಟಾರೆಂದು ಬಾಯಿ ಮುಚ್ಚಿಕೊಂಡು ಸ್ಟೂಲ್ ಎಳೆದುಕೊಟ್ಟೆ.

"ಬ್ರೆಡ್ಡೇ ಸರಿ ಇಲ್ಲ ಅತ್ತೆ."

"ಹೂಂ, ಕುಣಿಯಕ್ ಬರ್ದೋಳು ನೆಲ ಡೊಂಕು ಅಂದ್ಲಂತೆ. ತಂಗ್ಳು ರೊಟ್ಟಿ ಮುರಿದು ಒಗ್ಗರಣೆ ಹಾಕಲ್ವಾ? ಇದೂ ಹಂಗೇ ಕಣೆ. ಇನ್ನೊಂದು ಪ್ಯಾಕೆಟ್ ತೆಗಿ."

ಒಣಗಿದ ಚೂರುಗಳ ಮೇಲೆ ಮಜ್ಜಿಗೆ ಚಿಮುಕಿಸಿ ಮುಚ್ಚಿಡಿಸಿದರು. ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ, ಈರುಳ್ಳಿ ಚೆನ್ನಾಗಿ ಬಾಡಿದ ಮೇಲೆ ಅರಿಶಿನ, ಕೊನೆಗೆ ಬ್ರೆಡ್ಡು. ಇಳಿಸಿದ ಮೇಲೆ ನಿಂಬೆಹಣ್ಣು. ತಾವೂ ಎರಡು ತುತ್ತು ತಿಂದು "ಪರ್ವಾಗಿಲ್ಲ" ಅಂದರು. ಮಾರನೆಯ ದಿನ ಇನ್ನೊಂದು ಪ್ಯಾಕೆಟ್ಟು ಮಜ್ಜಿಗೆಯಲ್ಲಿ ನೆನೆದು, ಅಕ್ಕಿಹಿಟ್ಟು, ಸಬ್ಬಸಿಗೆ ಸೊಪ್ಪು ಸೇರಿ ರೊಟ್ಟಿಯಾಯಿತು. ಅದರಾಚೆ ದಿನ ಪುಡಿಯಾಗಿ ವಡೆಯೊಳಗೆ ಸೇರಿತು. ನಾನು "ಅತ್ತೆ, ಬ್ರೆಡ್ಡು" ಎಂದರೆ ಸಾಕು, ಒಳಗಿನಿಂದ ಠಕ್ ಠಕ್ ಶುರುವಾಗುತ್ತಿತ್ತು. ಬೈಯುವುದೂ ಮೊದಲಿನಂತೆಯೇ ಜೋರಾಯಿತು. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನನಗೆ ನೆನಪಿಲ್ಲ.

ಒಂದು ದಿನ ಒಂಬತ್ತನೆಯ ಪ್ಯಾಕೆಟ್ಟೂ ಮುಗಿಯಿತು. ಅಷ್ಟರಲ್ಲಿ ನೋಡಲು ಬರುವವರೂ ನಿಂತಿದ್ದರು. ಮಾರನೆಯ ಬೆಳಿಗ್ಗೆ ಅತ್ತೆ ಏಳಲಿಲ್ಲ. "ಎದ್ದು ಏನ್ಮಾಡ್ಲಿ, ಕೆಲ್ಸ ಏನಿದೆ?" ಎಂದು ಮತ್ತೆ ಗೋಡೆ ಕಡೆ ತಿರುಗಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಬೇಕರಿಗೆ ಓಡಿದೆ.

"ಅಣ್ಣ, ನಿನ್ನೆದು ಬ್ರೆಡ್ಡಿದ್ಯಾ?"

ಬೇಕರಿಯವನಿಗೆ ಅವಮಾನವಾಯಿತು. "ನಮ್ಮಲ್ಲಿ ಎಲ್ಲಾ ಫ್ರೆಶ್ಶೇ ಮೇಡಂ."

"ಫ್ರೆಶ್ ಬೇಡ ಅಣ್ಣ, ನಂಗೆ ಹಳೇದೇ ಬೇಕು."

ಅವನು ಮೇಲಿಂದ ಕೆಳಗೆ ನೋಡಿದ. "ನಾಯಿಗಾ?"

"ಅತ್ತೆಗೆ" ಎಂದೆ.

ಅವನು ಒಳಗೆ ಹೋಗಿ ಒಂದು ಪ್ಯಾಕೆಟ್ಟು ತಂದುಕೊಟ್ಟ.

ಮನೆಗೆ ಬಂದವಳೇ ಫ್ರಿಜ್ಜಿನ ಬಾಗಿಲನ್ನು ಜೋರಾಗಿ ತೆಗೆದು ಮುಚ್ಚಿ, "ಅತ್ತೆ, ಹಿಂದ್ಗಡೆ ಇನ್ನೊಂದು ಸಿಕ್ತು ನೋಡಿ!" ಎಂದು ಕೂಗಿದೆ. ಮೊದಲು ಮಂಚ ಕಿರ್ ಎಂದಿತು. ಆಮೇಲೆ ಠಕ್. ಅತ್ತೆ ಬಂದು ಸ್ಟೂಲಿನ ಮೇಲೆ ಕೂತು, ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ಅಮುಕಿ ನೋಡಿದರು.

"ಫ್ರಿಜ್ಜಲ್ಲಿತ್ತಾ ಇದು? ತಣ್ಣಗೇ ಇಲ್ವಲ್ಲೇ."

ನಾನು ತಲೆ ಎತ್ತದೆ ಈರುಳ್ಳಿ ಹೆಚ್ಚುತ್ತಿದ್ದೆ. ಅತ್ತೆ ಪ್ಯಾಕೆಟ್ಟು ಬಿಚ್ಚಿ ಬ್ರೆಡ್ಡು ಮುರಿಯತೊಡಗಿದರು. ಅರ್ಧ ಮುರಿದ ಮೇಲೆ ಹೇಳಿದರು:

"ಈರುಳ್ಳಿ ಸಣ್ಣಗೆ ಹೆಚ್ಚು. ನಾಳೆಗೂ ಒಂದು ಸಿಗುತ್ತೇನೋ, ಹುಡುಕಿ ನೋಡು."