ಷಡ್ಡಕನ ಬಿಯರ್ ಫ್ರಿಜ್

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಾರೆ. ಎಣ್ಣೂರಿನ ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟ ಎಂಜಿನಿಯರೊಬ್ಬರ ಮನೆಯಿಂದ ಅವರು ಎರಡು ಕೆಗರೇಟರ್ ಎತ್ತಿಕೊಂಡು ಬಂದರು. ಕೆಗರೇಟರ್ ಎಂದರೆ ಬಿಯರ್ ಪೀಪಾಯಿಯನ್ನು ಒಳಗಿಟ್ಟು, ಮೇಲಿನ ನಲ್ಲಿಯಿಂದ ತಣ್ಣಗೆ ಬಗ್ಗಿಸಿಕೊಳ್ಳುವ ಚಿಕ್ಕ ಫ್ರಿಜ್. ಒತ್ತಡಕ್ಕೆ ಒಂದು ಗ್ಯಾಸ್ ಸಿಲಿಂಡರ್ ಇರುತ್ತದೆ. ನಮ್ಮ ಮನೆಯಲ್ಲಿ ಬಿಯರ್ ಕುಡಿಯುವವರಿಲ್ಲ. ಆಗಷ್ಟೇ ಕಾಲೇಜು ಮುಗಿಸಿದ್ದ ಮಗಳಿಗೆ ಅದರಲ್ಲಿ ಗುಲಾಬಿ ಘಮದ ಪನ್ನೀರ್ ಸೋಡಾ ತುಂಬಿ ಮಾರುವ ಯೋಚನೆ ಬಂತು. ಒಂದನ್ನು ಕೊಂಡೆವು.

ಕೊಳ್ಳುವ ದಿನ ನಾನು ಬಾಗಿಲು ತೆಗೆದು ಒಳಗೆ ಕೈಯಿಟ್ಟೆ. ತಣ್ಣಗಿತ್ತು. ಅಷ್ಟಕ್ಕೇ ನಿಲ್ಲಿಸಿದೆ. ನಾದಿನಿ ಕಾಫಿ ತಂದು ನಿಂತಿರುವಾಗ ಅವರ ಫ್ರಿಜ್ಜಿನ ಹಿಂದೆ ಬಗ್ಗಿ ನೋಡುವುದು ನಮ್ಮ ಕಡೆ ಅವಮಾನ ಮಾಡಿದ ಹಾಗೆ. ಷಡ್ಡಕನಿಗೂ ಅದು ಗೊತ್ತಿತ್ತು.

ವಡಪಳನಿಯ ನಮ್ಮ ಅಪಾರ್ಟ್‌ಮೆಂಟಿನ ಭಾನುವಾರದ ಮೇಳದಲ್ಲಿ ಮಗಳು ಮೊದಲ ಸಲ ಅಂಗಡಿ ಹಾಕಿದಳು. ಬಿಸಿಲು ಏರುವ ಹೊತ್ತಿಗೆ ನಲ್ಲಿಯಿಂದ ಬೆಚ್ಚಗಿನ ನೊರೆ ಮಾತ್ರ ಬರತೊಡಗಿತು, ಆಮೇಲೆ ಗ್ಯಾಸೂ ಖಾಲಿಯಾಯಿತು. ಜನ ಲೋಟ ಅಲ್ಲೇ ಇಟ್ಟು ಹೋದರು. ಮುಂದಿನ ವಾರ ಅತ್ತೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಈ ಮಾತು ಬಂತು. ಷಡ್ಡಕ ಅನ್ನ ಕಲಸುತ್ತಲೇ ಹೇಳಿದರು: "ಮೆಷಿನ್‌ಗೇನೂ ಆಗಿಲ್ಲ ಭಾವ. ಅದನ್ನ ಓಡಿಸೋಕೆ ತಲೆ ಬೇಕು. ನಿಮ್ಮ ಮಗಳು ಅದರ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ಳೋಕೆ ಸರಿ."

ಕೆಲವರು ನಕ್ಕರು. ಮಗಳು ಎಲೆ ಬಿಟ್ಟು ಎದ್ದಳು. ಆಮೇಲೆ ಅವಳು ಸೋಡಾದ ಮಾತೆತ್ತಲಿಲ್ಲ, ಅಜ್ಜಿಯ ಮನೆಗೂ ಬರಲಿಲ್ಲ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಬಹಳ ಕಾಲ ಕೂತವನು, ಸಾಕ್ಷಿಯಿಲ್ಲದೆ ಮಾತಾಡುವುದಿಲ್ಲ. ಮನೆಗೆ ಬಂದು ಯಂತ್ರವನ್ನು ಬಿಚ್ಚಿ ಒಂದೊಂದೇ ಭಾಗ ಕಲಿತೆ. ಕಂಪ್ರೆಸರ್ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ನಿಲ್ಲುತ್ತಿತ್ತು. ಹಾಗಾದರೆ ಕೊಂಡ ದಿನ ತಣ್ಣಗಿದ್ದದ್ದು ಹೇಗೆ? ನಾವು ಬರುವ ಮೊದಲು ಒಳಗೆ ಐಸ್ ಇಟ್ಟಿರಬೇಕು. ಆದರೆ ಅದು ನನ್ನ ಅನುಮಾನ ಮಾತ್ರ.

ಮುಂದಿನ ಬೇಸಿಗೆಯಲ್ಲಿ ಸಾಕ್ಷಿ ಒದಗಿಸಿದವರು ಷಡ್ಡಕನೇ. ಎರಡನೆಯ ಯಂತ್ರ ಕೊಳ್ಳಲು ಮಹಾಬಲಿಪುರದ ಕಡೆಯ ರೆಸಾರ್ಟ್ ಮಾಲೀಕರೊಬ್ಬರು ಬರುತ್ತಿದ್ದರು. "ಪೇಪರ್‌ನವರು ಅಂದ್ರೆ ನಂಬ್ತಾರೆ ಭಾವ. ನಮ್ಮನೇಲೂ ಒಂದಿದೆ, ಚೆನ್ನಾಗಿದೆ ಅಂತ ಒಂದು ಮಾತು ಹೇಳ್ಬಿಡಿ," ಎಂದು ಫೋನ್ ಮಾಡಿದರು. ಮನೆಯವರನ್ನು ಹೊರಗಿನವರ ಮುಂದೆ ಬಿಟ್ಟುಕೊಡುವುದಿಲ್ಲ ಎಂಬ ಧೈರ್ಯ ಅವರಿಗೆ. ಅಷ್ಟು ಸಂತೋಷದಿಂದ ನಾನು ಅಂಬತ್ತೂರಿಗೆ ಎಂದೂ ಹೋಗಿರಲಿಲ್ಲ.

ನಾನು ದೂರು ಹೇಳಲಿಲ್ಲ. ಇಂಥದ್ದನ್ನು ನೋಡಿ ಕೊಳ್ಳುವುದು ಹೇಗೆಂದು ತೋರಿಸುತ್ತೇನೆ ಎಂದು ಮಾಲೀಕರಿಗೆ ತಮಿಳಿನಲ್ಲಿ ಹೇಳಿದೆ. ಮೊದಲು ಷಡ್ಡಕನ ವಿಸಿಟಿಂಗ್ ಕಾರ್ಡನ್ನೇ ಬಾಗಿಲ ಸಂದಿಗಿಟ್ಟು ಮುಚ್ಚಿ ಎಳೆದೆ. ರಬ್ಬರ್ ಗಟ್ಟಿಯಿದ್ದರೆ ಅದು ಹಿಡಿದುಕೊಳ್ಳಬೇಕು, ಸಲೀಸಾಗಿ ಬಂತು. ನಲ್ಲಿಯ ಮೂತಿ ತಿರುಗಿಸಿ ತೆಗೆದೆ. ಒಳಗೆ ಕಪ್ಪು ಲೋಳೆ, ಹುಳಿ ವಾಸನೆ. ಸಿಲಿಂಡರಿನ ಕತ್ತಿನ ಮೇಲೆ ಕೊರೆದಿರುವ ಪರೀಕ್ಷೆಯ ದಿನಾಂಕವನ್ನು ಮಾಲೀಕರೇ ಓದಲಿ ಎಂದು ಟಾರ್ಚ್ ಹಿಡಿದೆ. ವಾಯಿದೆ ಯಾವಾಗಲೋ ಮುಗಿದಿತ್ತು. ಗ್ಯಾಸ್ ತಿರುಗಿಸಿ, ಪೈಪ್ ಸೇರುವ ಕಡೆಯೆಲ್ಲ ಸೋಪಿನ ನೀರು ಹಚ್ಚಿದೆ. ಗುಳ್ಳೆ ಏಳುತ್ತಾ ಹೋದವು. ಷಡ್ಡಕ ನಡುನಡುವೆ ಕಾಫಿ ಆರುತ್ತಿದೆ ಎನ್ನುತ್ತಿದ್ದರು.

ಕೊನೆಗೆ ಮಾಲೀಕರ ಒಂದು ಕೈಯನ್ನು ಫ್ರಿಜ್ಜಿನ ಒಳಗೆ ಇಡಿಸಿದೆ, ಇನ್ನೊಂದನ್ನು ಹಿಂಭಾಗದ ಕಂಪ್ರೆಸರ್ ಮೇಲೆ. ಒಳಗೆ ಕೊರೆಯುವಷ್ಟು ತಂಪು. ಬೆಳಗಿನಿಂದ ಓಡಿ ಹಾಗೆ ತಣ್ಣಗಾಗಿದ್ದರೆ ಕಂಪ್ರೆಸರ್ ಬಿಸಿಯಾಗಿರಬೇಕಿತ್ತು. ಅದೂ ತಣ್ಣಗೆ ಕೂತಿತ್ತು. ಒಳಗಿನ ತಳದಲ್ಲಿ ನೀರು ನಿಂತಿತ್ತು.

ಮಾಲೀಕರು ಕರ್ಚೀಫಿನಲ್ಲಿ ಕೈ ಒರೆಸಿಕೊಂಡು ಷಡ್ಡಕನನ್ನು ಕೇಳಿದರು: "ಇದು ಫ್ರಿಜ್ಜಾ, ಐಸ್ ಪೆಟ್ಟಿಯಾ, ಸಾರ್?"

ಅವರ ಕಾರು ಹೋದ ಮೇಲೆ ಷಡ್ಡಕ ಮೆಟ್ಟಿಲ ಮೇಲೆ ಕೂತರು. "ಮನೆಯವರೇ ಹಿಂಗೆ ಮಾಡಿದ್ರೆ ಹೆಂಗೆ ಭಾವ? ನಿಮ್ಮ ದುಡ್ಡು ವಾಪಸ್ ಕೊಡ್ತಿದ್ದೆ."

ದುಡ್ಡು ಬೇಡ ಎಂದೆ. ಪತ್ರಿಕೆಯಲ್ಲಿ ತಪ್ಪು ಯಾವ ಪುಟದಲ್ಲಿ ಅಚ್ಚಾಯಿತೋ ತಿದ್ದುಪಡಿಯೂ ಅದೇ ಪುಟದಲ್ಲಿ ಬರಬೇಕು. ಅತ್ತೆಯ ಮನೆಯಲ್ಲಿ, ಅದೇ ಜನರ ಮುಂದೆ, ಮಗಳ ಎದುರು ಹೇಳಬೇಕು. ಅಲ್ಲಿಯವರೆಗೆ ಯಾರು ಕೊಳ್ಳಲು ಬಂದರೂ ಸೋಪಿನ ನೀರಿನೊಂದಿಗೆ ನಾನೂ ಬರುತ್ತೇನೆ ಎಂದೆ.

ಮುಂದಿನ ಊಟಕ್ಕೆ ಮಗಳನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಎಲ್ಲರೂ ಕೂತ ಮೇಲೆ ಷಡ್ಡಕ ಗಂಟಲು ಸರಿಮಾಡಿಕೊಂಡರು. "ಅವತ್ತು ಮೆಷಿನ್ನಲ್ಲೂ ಸ್ವಲ್ಪ ಪ್ರಾಬ್ಲಂ ಇತ್ತು ಅನ್ಸುತ್ತೆ."

"'ಅನ್ಸುತ್ತೆ' ಬೇಡ," ಎಂದೆ. "'ಸ್ವಲ್ಪ'ವೂ ಬೇಡ."

ನಾದಿನಿ ನನ್ನನ್ನು ನೋಡಿದಳು. ನಾನು ಸಾರು ಹಾಕಿಸಿಕೊಂಡೆ. "ಕಂಪ್ರೆಸರ್ ಹಾಳಾಗಿತ್ತು," ಎಂದರು ಷಡ್ಡಕ, ಎಲೆ ನೋಡುತ್ತಾ. "ನಂಗೆ ಗೊತ್ತಿತ್ತು. ಅವಳ ತಪ್ಪೇನೂ ಇರ್ಲಿಲ್ಲ."

"ಸರಿ ಚಿಕ್ಕಪ್ಪಾ," ಎಂದಳು ಮಗಳು. ಅವಳು ಊಟ ಮಾಡುತ್ತಾ ಹೋದಳು. ಈ ಸಲ ಏಳಲಿಲ್ಲ.

ಸಾಲಿನ ಆ ತುದಿಯಲ್ಲಿ ಮಾವನವರು ಕೂತಿದ್ದರು. ಅವರಿಗೆ ಕಿವಿ ಮಂದ.

"ಮಾವನವರಿಗೆ ಕೇಳಿಸಲಿಲ್ಲ," ಎಂದೆ ಷಡ್ಡಕನಿಗೆ. "ಇನ್ನೊಂದು ಸಲ ಹೇಳಿ."